ಬೈಕ್ ತಿರುವಿನಲ್ಲಿ ಜಾರುತ್ತಿದೆಯೇ? ರೋಡ್ ಟಯರ್, ಟ್ರ್ಯಾಕ್ ಟಯರ್ ನಡುವೆ ದೋಷ ಹುಡುಕುವ ಬಗೆ

ಸ್ಪೋರ್ಟ್ಸ್ ಬೈಕ್ ಇಟ್ಟುಕೊಂಡವರಿಂದ ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಪದೇ ಪದೇ ಕೇಳುವ ದೂರು ಒಂದೇ: "ದುಡ್ಡು ಸುರಿದು ಒಳ್ಳೆಯ ಟಯರ್ ಹಾಕಿಸಿದೆ, ಆದರೂ ಬಗ್ಗಿಸಿದರೆ ಜಾರುತ್ತದೆ." ವಿಚಾರಿಸಿದರೆ ಹಲವರು ಹಾಕಿಸಿರುವುದು ರೇಸ್ ಟ್ರ್ಯಾಕ್‌ಗೆಂದೇ ಮಾಡಿದ ಮೆತ್ತನೆಯ ಟಯರ್. ಇನ್ನು ಕೆಲವರ ಬೈಕಿನಲ್ಲಿ ಇರುವುದು ರೋಡ್ ಟಯರೇ, ಅದು ಜಾರುತ್ತದೆಂದು ಟ್ರ್ಯಾಕ್ ಟಯರ್ ತರಿಸಲು ಹೊರಟಿರುತ್ತಾರೆ. ಆರ್15, ಆರ್‌ಸಿ 390, ಅಪಾಚೆ ಆರ್‌ಆರ್ 310, ನಿಂಜಾ, ಬೈಕ್ ಯಾವುದೇ ಇರಲಿ, ಹುಡುಕುವ ಕ್ರಮ ಒಂದೇ. ಯಾವ ಚಕ್ರ, ಯಾವಾಗ, ಎಲ್ಲಿ ಜಾರಿತು ಎಂಬುದು ಗೊತ್ತಾಗುವ ತನಕ ಹೊಸ ಟಯರಿಗೆ ದುಡ್ಡು ಹಾಕಬೇಡಿ. ಈ ಮೂರಕ್ಕೆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ.

ಲಕ್ಷಣವನ್ನು ಸರಿಯಾಗಿ ಹಿಡಿಯುವುದು

ಮುಂದಿನ ಚಕ್ರ ಜಾರಿದರೆ ಹ್ಯಾಂಡಲ್ ಒಮ್ಮೆಲೇ ಹಗುರವಾಗಿ ಒಳಮುಖವಾಗಿ ಮಡಚಿದಂತಾಗುತ್ತದೆ. ಹಿಂದಿನದು ಜಾರಿದರೆ ಸೀಟು ಪಕ್ಕಕ್ಕೆ ಸರಿದ ಅನುಭವ, ಜೊತೆಗೆ ಎಂಜಿನ್ ಸದ್ದು ಒಂದು ಕ್ಷಣ ಏರುತ್ತದೆ. ಹೆದರಿಕೆಯಲ್ಲಿ ಎರಡೂ ಒಂದೇ ಥರ ಕಾಣಬಹುದು. ಹಾಗಾಗಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಬಿಸಿ ಬಿಸಿ ನೆನಪಿರುವಾಗಲೇ ಫೋನಿನಲ್ಲಿ ನಾಲ್ಕು ಸಾಲು ಬರೆದಿಟ್ಟುಕೊಳ್ಳಿ. ಮನೆಯಿಂದ ಹೊರಟು ಎಷ್ಟು ಹೊತ್ತಾಗಿತ್ತು, ರಸ್ತೆ ಒಣಗಿತ್ತೇ ಒದ್ದೆಯೇ, ಬ್ರೇಕ್ ಹಿಡಿದಿದ್ದಿರೇ ಥ್ರಾಟಲ್ ಕೊಟ್ಟಿದ್ದಿರೇ, ಹಿಂದೆ ಯಾರಾದರೂ ಕೂತಿದ್ದರೇ.

ಜಾಗವನ್ನೂ ಬರೆಯಿರಿ. ಒಂದೇ ಜಾಗದಲ್ಲಿ ಮಾತ್ರ ಜಾರುತ್ತದೆ ಎಂದಾದರೆ ದೋಷ ರಸ್ತೆಯಲ್ಲಿದೆ, ಟಯರಿನಲ್ಲಲ್ಲ. ಕರಾವಳಿಯಲ್ಲಿ ಇದಕ್ಕೆ ಕಾರಣಗಳಿಗೆ ಬರಗಾಲವಿಲ್ಲ. ಮಲ್ಪೆ ಬಂದರಿನಿಂದ ಹೆದ್ದಾರಿಗೆ ಬರುವ ದಾರಿ, ಮಂಗಳೂರಿನ ಬಂದರು ಪ್ರದೇಶ, ಮೀನಿನ ಗಾಡಿಗಳು ಓಡಾಡುವ ಹೆದ್ದಾರಿಯ ತಿರುವುಗಳು, ಇಲ್ಲೆಲ್ಲ ಐಸ್ ನೀರಿನ ಜೊತೆ ಮೀನಿನ ಎಣ್ಣೆಯೂ ಸುರಿದಿರುತ್ತದೆ. ಬಿಸಿಲಿಗೆ ನೀರು ಆರಿದರೂ ಎಣ್ಣೆಯ ಪದರ ಉಳಿಯುತ್ತದೆ, ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಕಾಂಕ್ರೀಟ್ ರಸ್ತೆಯ ಅಂಚಿನಲ್ಲಿ, ಇಂಟರ್‌ಲಾಕ್ ಹಾಸಿದ ಕಡೆ ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಒಳರಸ್ತೆಗಳಿಂದ ಟಿಪ್ಪರ್‌ಗಳು ಹೊತ್ತು ತರುವ ಕೆಂಪು ಮಣ್ಣು ಮೊದಲ ಮಳೆಗೆ ಲೇಪದಂತಾಗುತ್ತದೆ. ಇವುಗಳ ಮೇಲೆ ಲೋಕದ ಯಾವ ಟಯರೂ ಹಿಡಿಯುವುದಿಲ್ಲ. ಅದೇ ವೇಗ, ಅದೇ ಬಾಗು ಇರುವ ಬೇರೆ ಮೂರ್ನಾಲ್ಕು ತಿರುವುಗಳಲ್ಲಿ ಬೈಕ್ ಸರಿಯಾಗಿ ನಿಂತರೆ ಹುಡುಕಾಟವನ್ನು ಅಲ್ಲಿಗೇ ನಿಲ್ಲಿಸಬಹುದು.

ಗಾಳಿ: ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ನಿಧಾನವಾಗಿ

ಉಡುಪಿಯಲ್ಲಿ ನನಗೆ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ. ಜಾರುವ ದೂರು ಹೊತ್ತು ಯಾರೇ ಬಂದರೂ ಅವರ ಬಾಯಿಂದ ಮೊದಲು ಬರುವ ಮಾತು, "ಗಾಳಿ ನೋಡಿದ್ರಾ ಮಾರಾಯ್ರೆ?" ನೋಡಿದ್ದೇನೆ ಎಂದರೆ "ಯಾವಾಗ? ಎಲ್ಲಿ? ಯಾರ ಗೇಜಿನಲ್ಲಿ?" ಎಂದು ಮತ್ತೆ ಕೇಳುತ್ತಾರೆ. ಆ ಮೂರು ಪ್ರಶ್ನೆಗಳೂ ಬೇಕು.

ಗಾಳಿ ನೋಡಬೇಕಾದ್ದು ಟಯರ್ ತಣ್ಣಗಿರುವಾಗ, ಅಂದರೆ ಬೆಳಿಗ್ಗೆ ಬೈಕ್ ತೆಗೆಯುವ ಮೊದಲು. ಪೆಟ್ರೋಲ್ ಬಂಕ್ ತಲುಪುವಷ್ಟರಲ್ಲಿ ಟಯರ್ ಬಿಸಿಯಾಗಿರುತ್ತದೆ, ಅಲ್ಲಿನ ಗೇಜು ಸರಿಯಿದೆಯೋ ಇಲ್ಲವೋ ಎಂಬ ಖಾತ್ರಿಯೂ ಇಲ್ಲ. ಸ್ವಂತದ್ದೊಂದು ಗೇಜು ಇಟ್ಟುಕೊಳ್ಳಿ, ಯಾವಾಗಲೂ ಅದರಲ್ಲೇ ನೋಡಿ. 30 ಪಿಎಸ್‌ಐ ಆಸುಪಾಸಿನಲ್ಲಿ ಟಯರಿನ ಒಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಇದನ್ನು ಮರೆತು ಬಿಸಿ ಟಯರಿನಿಂದ "ಹೆಚ್ಚಾಗಿದೆ" ಎಂದು ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆ ಗಾಳಿಯಲ್ಲೇ ಹೊರಟ ಹಾಗಾಗುತ್ತದೆ.

ಈಗ ಒಂದು ಪರೀಕ್ಷೆ. ಇದಕ್ಕೆ ಖರ್ಚಿಲ್ಲ, ಹೇಳುವುದು ಮಾತ್ರ ಬಹಳ. ಬೆಳಿಗ್ಗೆ ಎರಡೂ ಚಕ್ರದಲ್ಲಿ ಕಂಪನಿ ಹೇಳಿದಷ್ಟು ಗಾಳಿ ಇಡಿ. ಅದರ ಸ್ಟಿಕ್ಕರ್ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಅಥವಾ ಚೈನ್ ಕವರಿನ ಮೇಲೆ ಇರುತ್ತದೆ, ಇಲ್ಲದಿದ್ದರೆ ಮ್ಯಾನುಯಲ್‌ನಲ್ಲಿ ಇದೆ. ನೀವು ಯಾವಾಗಲೂ ಓಡಿಸುವ ರೀತಿಯಲ್ಲೇ ಇಪ್ಪತ್ತು, ಇಪ್ಪತ್ತೈದು ನಿಮಿಷ ಓಡಿಸಿ, ನಿಲ್ಲಿಸಿದ ಕೂಡಲೇ ಮತ್ತೆ ಗೇಜು ಹಿಡಿಯಿರಿ. ರೋಡ್ ಟಯರಿನಲ್ಲಿ 30 ಇದ್ದದ್ದು 33ರ ಹತ್ತಿರ ಬಂದರೆ, ಅಂದರೆ ಶೇಕಡಾ ಹತ್ತರಷ್ಟು ಏರಿದರೆ, ಟಯರ್ ತನ್ನ ಕೆಲಸ ಮಾಡುತ್ತಿದೆ. 36, 37ಕ್ಕೆ ಹಾರಿದರೆ ಆರಂಭದ ಗಾಳಿ ಭಾರಕ್ಕೆ ಸಾಲುತ್ತಿಲ್ಲ. ಟಯರಿನ ಗೋಡೆ ಅತಿಯಾಗಿ ಬಳುಕಿ ಬಿಸಿಯಾಗುತ್ತಿದೆ. ಒಂದು ಪಿಎಸ್‌ಐ ಕೂಡ ಏರಲಿಲ್ಲ ಎಂದಾದರೆ ಎರಡೇ ಸಾಧ್ಯತೆ: ಗಾಳಿ ವಿಪರೀತ ತುಂಬಿದೆ, ಇಲ್ಲವೇ ನಿಮ್ಮ ಓಟಕ್ಕೆ ಬಿಸಿಯೇ ಏರದಂಥ ಟಯರ್ ಹಾಕಿದ್ದೀರಿ. ಟ್ರ್ಯಾಕ್ ಟಯರ್ ಹಾಕಿದವರು ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಬೇಕು.

ವಾರದಲ್ಲೇ ಗಾಳಿ ಇಳಿಯುತ್ತಿದ್ದರೆ ಸೋಪಿನ ನೀರು ಹಚ್ಚಿ ವಾಲ್ವ್ ಬಾಯಿ, ವಾಲ್ವ್ ಬುಡ, ರಿಮ್ ಮತ್ತು ಟಯರ್ ಸೇರುವ ಅಂಚು, ಮೂರನ್ನೂ ನೋಡಿ. ಸಮುದ್ರದ ಹತ್ತಿರ ಬೈಕ್ ನಿಲ್ಲಿಸುವವರಿಗೆ ಮೂರನೆಯದು ಮುಖ್ಯ. ಉಪ್ಪು ಗಾಳಿಗೆ ಅಲಾಯ್ ರಿಮ್ಮಿನ ಒಳ ಅಂಚಿನಲ್ಲಿ ಪೇಂಟ್ ಎದ್ದು, ಬಿಳಿ ಪುಡಿ ಕಟ್ಟಿ, ಅಲ್ಲಿಂದ ಸಣ್ಣಗೆ ಗಾಳಿ ಸೋರುತ್ತದೆ. ಟಯರ್ ಬಿಚ್ಚಿಸಿ ಆ ಅಂಚನ್ನು ಉಜ್ಜಿ ಶುಚಿ ಮಾಡಿಸಿದರೆ ಸಾಕು.

ಟ್ರ್ಯಾಕ್ ಟಯರ್ ರಸ್ತೆಯಲ್ಲಿ ಏಕೆ ಜಾರುತ್ತದೆ

ಟ್ರ್ಯಾಕ್ ಟಯರಿನ ರಬ್ಬರ್ ಹಿಡಿಯುವುದು ಬಿಸಿಯಾದಾಗ. ರೇಸ್ ಪಿಟ್‌ಗಳಲ್ಲಿ ಸ್ಲಿಕ್ ಎಂಬ ಬೋಳು ಟಯರುಗಳಿಗೆ ವಾರ್ಮರ್ ಎಂಬ ಬಿಸಿ ಹೊದಿಕೆ ಸುತ್ತಿ 80 ಡಿಗ್ರಿ ಆಸುಪಾಸಿಗೆ ಕಾಯಿಸಿ ಹೊರಗೆ ಬಿಡುವುದು ಇದಕ್ಕೇ. ಕಾಯುವ ಮೊದಲು ಅದನ್ನು ಬಗ್ಗಿಸಿದರೆ ಕಾವಲಿ ಕಾಯುವ ಮೊದಲೇ ದೋಸೆ ಹುಯ್ದ ಹಾಗೆ.

"ನಮ್ಮ ಊರಿನ ಸೆಕೆಗೆ ಟಯರ್ ತಾನಾಗಿ ಕಾಯುತ್ತದಲ್ಲ" ಎಂಬ ಮಾತು ಬಹಳ ಜನ ನಂಬಿರುವಂಥದ್ದು, ನಂಬಿ ಬಿದ್ದವರೂ ಇದ್ದಾರೆ. ಬಿಸಿಲಿಗೆ ಕಾಯುವುದು ಟಯರಿನ ಮೇಲ್ಮೈ ಮಾತ್ರ. ಟಯರಿಗೆ ಬೇಕಾದ ಬಿಸಿ ಹುಟ್ಟುವುದು ಜೋರಾಗಿ ಬ್ರೇಕ್ ಹಿಡಿದಾಗ, ಬಗ್ಗಿಸಿ ಥ್ರಾಟಲ್ ಕೊಟ್ಟಾಗ ಅದರ ಮೈ ಬಳುಕುವುದರಿಂದ. ಸುರತ್ಕಲ್‌ನಿಂದ ಪಡುಬಿದ್ರಿ, ಕಾಪು ದಾಟಿ ಉಡುಪಿವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಂದರೆ ಬಹುಪಾಲು ನೇರ ಓಟ. ನೆಲಕ್ಕೆ ತಾಗುವುದು ಟಯರಿನ ನಡುಭಾಗ ಮಾತ್ರ. ಎರಡೂ ಬದಿಗಳು ಗಾಳಿ ಬಡಿದು ತಣ್ಣಗೇ ಉಳಿಯುತ್ತವೆ. ಅಷ್ಟು ದೂರ ಬಂದ ಮೇಲೆ ಟಯರ್ ಕಾದಿದೆ ಎಂಬ ಭರವಸೆಯಲ್ಲಿ ತಿರುವಿಗೆ ಬಗ್ಗಿಸುತ್ತೀರಿ, ನೆಲಕ್ಕೆ ತಾಗುವುದು ಕಾಯದ ಬದಿ.

ಇದನ್ನು ಕೈಯಿಂದಲೇ ಖಚಿತಪಡಿಸಿಕೊಳ್ಳಬಹುದು. ಹೆದ್ದಾರಿಯಲ್ಲಿ ಕಾಲು ಗಂಟೆ ಓಡಿಸಿ, ನೆರಳಿನಲ್ಲಿ ನಿಲ್ಲಿಸಿ, ಕೂಡಲೇ ಅಂಗೈಯ ಹಿಂಬದಿಯನ್ನು ಹಿಂದಿನ ಟಯರಿನ ನಡುವಿಗೆ ಮುಟ್ಟಿಸಿ, ಆಮೇಲೆ ಅಂಚಿಗೆ ಮುಟ್ಟಿಸಿ. ಡಿಸ್ಕ್‌ಗೆ ಮಾತ್ರ ಕೈ ತಾಗದಂತೆ ಜಾಗ್ರತೆ. ನಡುಭಾಗ ಚೆನ್ನಾಗಿ ಬೆಚ್ಚಗಿದ್ದು ಅಂಚು ಹೊರಡುವಾಗ ಇದ್ದಂತೆಯೇ ಇದ್ದರೆ, ಮೊದಲ ತಿರುವುಗಳಲ್ಲಿ ಜಾರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ರೋಡ್ ಟಯರಿನಲ್ಲೂ ಅಂಚು ತಣ್ಣಗೇ ಇರುತ್ತದೆ. ಆದರೆ ಅದರ ರಬ್ಬರ್ ತಣ್ಣಗಿರುವಾಗಲೂ ಹಿಡಿಯುವಂತೆಯೇ ಮಾಡಿದ್ದು, ವ್ಯತ್ಯಾಸ ಇರುವುದು ಇಲ್ಲೇ.

ಇನ್ನು ಮಳೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒದ್ದೆ ರಸ್ತೆಯಲ್ಲಿ ಟಯರಿಗೆ ಎರಡು ಕೆಲಸ: ನೀರನ್ನು ಪಕ್ಕಕ್ಕೆ ತಳ್ಳುವುದು, ತಣ್ಣಗಿದ್ದೂ ಹಿಡಿಯುವುದು. ಮೊದಲನೆಯದು ಗ್ರೂವ್‌ಗಳ, ಅಂದರೆ ಟಯರಿನ ಮೈಮೇಲೆ ಕೊರೆದ ಗೀರುಗಳ ಕೆಲಸ. ಎರಡನೆಯದಕ್ಕೆ ರೋಡ್ ಟಯರುಗಳ ರಬ್ಬರಿನಲ್ಲಿ ಸಿಲಿಕಾ ಬೆರೆಸಿರುತ್ತಾರೆ. ಟ್ರ್ಯಾಕ್ ಟಯರಿನಲ್ಲಿ ಗ್ರೂವ್ ಹೆಸರಿಗಷ್ಟೇ, ಅಂಚಿನಲ್ಲಿ ಅದೂ ಇಲ್ಲ. ಸ್ಲಿಕ್‌ನಲ್ಲಂತೂ ಪೂರ್ತಿ ಬೋಳು. ಕೊಟ್ಟಾರ ಚೌಕಿಯಲ್ಲಿ ನೀರು ನಿಂತ ಸಂಜೆ ಇಂಥ ಟಯರ್ ನೆಲವನ್ನೇ ಮುಟ್ಟದೆ ನೀರಿನ ಮೇಲೆ ತೇಲುತ್ತದೆ. ಒಣ ರಸ್ತೆಯಲ್ಲಿ ಚೆನ್ನಾಗಿದ್ದು ಒದ್ದೆಯಲ್ಲಿ ಮಾತ್ರ ಜಾರುವ ಬೈಕಿಗೆ ಟ್ರ್ಯಾಕ್ ಟಯರ್ ಇದ್ದರೆ, ಅಥವಾ ರೋಡ್ ಟಯರಿನ ಗ್ರೂವ್ ಸವೆದು ಟಿಡಬ್ಲ್ಯುಐ ಗುರುತಿನ, ಅಂದರೆ ಸವೆತದ ಮಿತಿ ತೋರಿಸುವ ಸಣ್ಣ ದಿಬ್ಬಗಳ ಹತ್ತಿರ ಬಂದಿದ್ದರೆ, ಉತ್ತರ ಅಲ್ಲೇ ಸಿಕ್ಕಿತು. ಗುರುತು ಮುಟ್ಟುವ ತನಕ ಓಡಿಸಬಹುದು ಎಂಬುದು ಬೇಸಿಗೆಯ ಲೆಕ್ಕ. ಮೇ ತಿಂಗಳಲ್ಲಿ ಗ್ರೂವ್ ಆಳ ಎರಡು ಮಿಲಿಮೀಟರಿಗೆ ಇಳಿದಿದ್ದರೆ ನಾನಂತೂ ಮಳೆಗೆ ಮೊದಲೇ ಬದಲಿಸಿ ಎನ್ನುತ್ತೇನೆ.

ಟಯರನ್ನು ಓದುವುದು

ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ ಪ್ಯಾಡಾಕ್ ಸ್ಟ್ಯಾಂಡ್ ಮೇಲೆ ಬೈಕ್ ಏರಿಸಿ, ಹಿಂದಿನ ಟಯರಿಗೆ ಅಡ್ಡಲಾಗಿ ಒಂದು ಸ್ಟೀಲ್ ಸ್ಕೇಲ್ ಇಡಿ. ಹೊಸ ಟಯರ್ ದುಂಡಗಿರುತ್ತದೆ, ಸ್ಕೇಲ್ ಒಂದೇ ಬಿಂದುವಿನಲ್ಲಿ ತಾಗಿ ಎರಡೂ ಕಡೆ ಅಲ್ಲಾಡುತ್ತದೆ. ಹೆದ್ದಾರಿಯಲ್ಲೇ ಸವೆದ ಟಯರಿನಲ್ಲಿ ಸ್ಕೇಲ್ ಎರಡು ಬೆರಳಿನಷ್ಟು ಅಗಲಕ್ಕೆ ಚಪ್ಪಟೆಯಾಗಿ ಕೂರುತ್ತದೆ. ಆ ಚಪ್ಪಟೆ ಮುಗಿಯುವ ಕಡೆ ಬೆರಳಿಗೆ ಒಂದು ಏಣು ಸಿಗುತ್ತದೆ. ಬೈಕ್ ಮೊದಲು ಬಾಗಲು ಒಪ್ಪದೆ, ಆಮೇಲೆ ಧಪ್ಪನೆ ಒಳಗೆ ಬೀಳುವುದು ಈ ಏಣು ದಾಟುವಾಗ. ಮಂಗಳೂರು–ಉಡುಪಿ ನಡುವೆ ದಿನಾ ಕೆಲಸಕ್ಕೆ ಓಡಾಡುವವರ ಬೈಕಿನಲ್ಲಿ ಇದು ತೀರಾ ಸಾಮಾನ್ಯ. ಎಷ್ಟೋ ಮಂದಿ ಇದನ್ನೇ ಟಯರಿನ ಹಿಡಿತ ಹೋಯಿತು ಎಂದುಕೊಳ್ಳುತ್ತಾರೆ. ಮೆತ್ತನೆಯ ಟ್ರ್ಯಾಕ್ ರಬ್ಬರ್ ಇದೇ ರಸ್ತೆಯಲ್ಲಿ ಇನ್ನೂ ಬೇಗ ಚಪ್ಪಟೆಯಾಗುತ್ತದೆ. ನಡುವಿಗೆ ಗಟ್ಟಿ, ಬದಿಗೆ ಮೆತ್ತನೆ ಎಂದು ಎರಡು ಬಗೆಯ ರಬ್ಬರ್ ಹಾಕಿದ ರೋಡ್ ಟಯರುಗಳು ಬಂದದ್ದೇ ಇದಕ್ಕೆ ಮದ್ದಾಗಿ.

ಮುಂದಿನ ಟಯರಿನ ಮೇಲೆ ಅಂಗೈಯನ್ನು ಎರಡೂ ದಿಕ್ಕಿಗೆ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಗಿದರೆ ಗಾಳಿ ಕಡಿಮೆ ಇಟ್ಟು ಓಡಿಸಿರಬೇಕು, ಇಲ್ಲವೇ ಫೋರ್ಕಿನ (ಮುಂದಿನ ಶಾಕ್ ಅಬ್ಸಾರ್ಬರಿನ) ಎಣ್ಣೆ ಸತ್ತಿರಬೇಕು.

ಟಯರಿನ ಗೋಡೆಯಲ್ಲಿ ಡಿಒಟಿ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2423 ಎಂದರೆ 2023ರ 24ನೇ ವಾರ. ರಿಯಾಯಿತಿಯಲ್ಲಿ ಸಿಗುವ ಆಮದು ಟಯರಿನಲ್ಲಿ ದುಡ್ಡು ಕೊಡುವ ಮೊದಲೇ ಇದನ್ನು ನೋಡಿ. ಯಾರೋ ಟ್ರ್ಯಾಕ್‌ನಲ್ಲಿ ಬಳಸಿ ಮಾರುವ ಟಯರ್ ಆದರೆ ಗ್ರೂವ್ ಎಷ್ಟೇ ಉಳಿದಿರಲಿ, ಬೇಡ. ಪ್ರತಿ ಸಲ ಪೂರ್ತಿ ಕಾದು ಆರಿದಾಗಲೂ ಆ ರಬ್ಬರ್ ಸ್ವಲ್ಪ ಗಟ್ಟಿಯಾಗುತ್ತದೆ. ಹೆಬ್ಬೆರಳಿನ ಉಗುರನ್ನು ಒತ್ತಿ ಹಿಡಿದರೆ ಒಳ್ಳೆಯ ರಬ್ಬರಿನಲ್ಲಿ ಗುರುತು ಬಿದ್ದು ನಿಧಾನ ಮಾಯವಾಗುತ್ತದೆ. ಸತ್ತ ರಬ್ಬರಿನಲ್ಲಿ ಉಗುರೇ ಇಳಿಯುವುದಿಲ್ಲ. ಗೋಡೆಯ ಮೇಲೆ "ಎನ್‌ಎಚ್‌ಎಸ್" ಎಂದಿದ್ದರೆ ಅದು ಸಾರ್ವಜನಿಕ ರಸ್ತೆಗೆ ಮಾಡಿದ್ದೇ ಅಲ್ಲ.

ಅಂಚಿನಲ್ಲಿ ಉಳಿಯುವ ಸವೆಯದ ಪಟ್ಟಿಯ ಬಗ್ಗೆಯೂ ಹೇಳಬೇಕು. ಹುಡುಗರು ಅದನ್ನು ಅವಮಾನ ಎಂದುಕೊಂಡು ಅಳಿಸಲು ಹೋಗುತ್ತಾರೆ. ಟ್ರ್ಯಾಕ್ ಟಯರಿನ ಬದಿಗಳನ್ನು ಇನ್ನೂ ಹೆಚ್ಚು ಬಾಗಿಗೆಂದು ಮಾಡಿರುವುದರಿಂದ ರಸ್ತೆಯಲ್ಲಿ ಆ ಪಟ್ಟಿ ಉಳಿಯಲೇಬೇಕು. ಅದು ದೋಷವಲ್ಲ. ಅದನ್ನು ಅಳಿಸಲೆಂದು ಆಗುಂಬೆ ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಿಗೆ ಹೋಗಬೇಡಿ. ಅಲ್ಲಿ ಎದುರಿನಿಂದ ಬಸ್ಸು ಬರುತ್ತದೆ, ನೆರಳಿನ ತಿರುವಿನಲ್ಲಿ ಒದ್ದೆ ಎಲೆ ಬಿದ್ದಿರುತ್ತದೆ.

ಟಯರಿನ ತಪ್ಪಲ್ಲದಾಗ

ಇಷ್ಟರಲ್ಲೂ ಏನೂ ಸಿಗಲಿಲ್ಲವೆಂದರೆ ಬೈಕಿನ ಕಡೆ ತಿರುಗಿ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿ ಹ್ಯಾಂಡಲನ್ನು ಮೆಲ್ಲಗೆ ಎಡಬಲ ತಿರುಗಿಸಿ. ನೇರಕ್ಕೆ ಬಂದಾಗ ಟಿಕ್ಕೆಂದು ಗುಳಿಯಲ್ಲಿ ಕೂತಂತಾದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಫೋರ್ಕಿನ ಬುಡ ಹಿಡಿದು ಹಿಂದೆ ಮುಂದೆ ಎಳೆದಾಗ ಕಟಕಟ ಎಂದರೆ ಅದು ಸಡಿಲ. ಹೊಂಡದ ರಸ್ತೆಯಲ್ಲಿ ಇದು ಬೇಗ ಹಾಳಾಗುತ್ತದೆ, ಬೈಕ್ ತಿರುವಿನಲ್ಲಿ ಗೆರೆ ಹಿಡಿಯದೆ ತೂಗಾಡುತ್ತದೆ. ಚೈನ್ ಬಿಗಿ ಮಾಡಿದ ಮೇಲೆ ಬೈಕ್ ಒಂದು ಬದಿಗೆ ಎಳೆದರೆ ಸ್ವಿಂಗ್‌ಆರ್ಮಿನ ಎರಡೂ ಕಡೆಯ ಗುರುತುಗಳು ಸಮ ಇವೆಯೇ ನೋಡಿ. ನಿಗದಿತ ವೇಗದಲ್ಲಿ ಮಾತ್ರ ಹ್ಯಾಂಡಲ್ ನಡುಗಿದರೆ ಬ್ಯಾಲೆನ್ಸಿಂಗ್, ರಿಮ್ಮಿಗೆ ಅಂಟಿಸಿದ ತೂಕ ಬಿದ್ದಿರಬಹುದು. ಹಿಂದಿನ ಚಕ್ರ ಹಿಡಿದು ಅಲ್ಲಾಡಿಸಿದಾಗ ಆಟ ಸಿಕ್ಕಿದರೆ ಬೇರಿಂಗ್.

ಅಳತೆ ಬದಲಿಸಿದವರು ಅದನ್ನೂ ಅನುಮಾನಿಸಬೇಕು. ಆರ್‌ಸಿ 390, ಆರ್‌ಆರ್ 310ಕ್ಕೆ ಹಿಂದೆ ಬರುವುದು 150/60 ಆರ್17. ಅದೇ ರಿಮ್ಮಿಗೆ ಅಂದಕ್ಕೆಂದು ದಪ್ಪ ಟಯರ್ ಹಾಕಿಸಿದರೆ ಬದಿಗಳು ಒಳಕ್ಕೆ ಹಿಂಡಿಕೊಂಡು ಟಯರ್ ಮೊನಚಾಗುತ್ತದೆ, ತಿರುಗುವುದು ನಿಧಾನವಾಗುತ್ತದೆ. ಸುತ್ತಳತೆ ಬದಲಾದರೆ ಎರಡು ಚಕ್ರಗಳ ವೇಗ ಹೋಲಿಸಿ ಕೆಲಸ ಮಾಡುವ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು), ಟ್ರ್ಯಾಕ್ಷನ್ ಕಂಟ್ರೋಲ್‌ಗೂ (ಥ್ರಾಟಲ್ ಕೊಟ್ಟಾಗ ಚಕ್ರ ಜಾರದಂತೆ ತಡೆಯುವುದು) ಗೊಂದಲ.

ಹಾಗಾದರೆ ಯಾವುದು ಹಾಕುವುದು

ಕರಾವಳಿಯಲ್ಲಿ ವರ್ಷವಿಡೀ ಓಡುವ ಬೈಕಿಗೆ ರೋಡ್ ಟಯರ್. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಮಳೆಯಲ್ಲೂ ದಿನಾ ಓಡಿಸುವವರಿಗೆ ಸ್ಪೋರ್ಟ್ಸ್ ಟೂರಿಂಗ್ ಬಗೆಯ ಟಯರ್ ಒಳ್ಳೆಯದು: ಮಿಶೆಲಿನ್ ರೋಡ್ 5, ರೋಡ್ 6, ಪಿರೆಲ್ಲಿ ಏಂಜೆಲ್ ಜಿಟಿ, ಮೆಟ್ಜೆಲರ್ ರೋಡ್‌ಟೆಕ್ 01 ಇಂಥವು. ಮಳೆಗಾಲದಲ್ಲಿ ಬೈಕ್ ಒಳಗಿಟ್ಟು ಬೇಸಿಗೆಯಲ್ಲಿ ಮಾತ್ರ ಚುರುಕಾಗಿ ಓಡಿಸುವವರಿಗೆ ಡಯಾಬ್ಲೊ ರೊಸ್ಸೊ 4, ಪವರ್ 5, ಸ್ಪೋರ್ಟೆಕ್ ಎಂ9 ಆರ್‌ಆರ್ ಥರದವು ಸಾಕು, ಅವೂ ರಸ್ತೆಗೇ ಮಾಡಿದಂಥವು. ಎಂಆರ್‌ಎಫ್, ಅಪೊಲೊ, ಸಿಯೆಟ್, ಟಿವಿಎಸ್ ಯೂರೋಗ್ರಿಪ್‌ನವರ ರೇಡಿಯಲ್‌ಗಳನ್ನೂ ನಿಮ್ಮ ಅಳತೆಯಲ್ಲಿ ವಿಚಾರಿಸಿ. ಡಯಾಬ್ಲೊ ಸೂಪರ್‌ಕೋರ್ಸಾ ಎಸ್‌ಸಿ, ಪವರ್ ಕಪ್ 2 ಥರದವುಗಳಿಗೆ ಗ್ರೂವ್ ಇದೆ, ರಸ್ತೆಗೆ ಅನುಮತಿಯೂ ಇದೆ. ಆದರೂ ಅವುಗಳ ಹುಟ್ಟು ಟ್ರ್ಯಾಕ್‌ಗೆ.

ಟ್ರ್ಯಾಕ್‌ಗೆ ಹೋಗುವ ಆಸೆಯಿದ್ದರೂ ರೋಡ್ ಟಯರ್ ಸಾಕೇ ಎಂದು ಕೇಳುವವರು ಅಪಾಚೆ ಆರ್‌ಆರ್ 310 ಅನ್ನು ನೋಡಲಿ. 2020ರ ಬಿಎಸ್6 ಮಾದರಿಯಲ್ಲಿ ಟ್ರ್ಯಾಕ್ ಮೋಡ್ ಕೊಟ್ಟ ಕಂಪನಿಯೇ ಜೊತೆಗೆ ಕೊಟ್ಟದ್ದು ಮಿಶೆಲಿನ್ ರೋಡ್ 5. ಮೊದಲ ಕೆಲವು ಟ್ರ್ಯಾಕ್ ದಿನಗಳಲ್ಲಿ ಕಲಿಯಬೇಕಾದ್ದು ಗೆರೆ, ಬ್ರೇಕ್, ಕೂರುವ ರೀತಿ. ಅದಕ್ಕೆ ಒಳ್ಳೆಯ ರೋಡ್ ಟಯರ್ ಬೇಕಾದಷ್ಟಾಯಿತು. ಟ್ರ್ಯಾಕ್‌ನಲ್ಲಿ ಅದು ಅತಿಯಾಗಿ ಕಾದಾಗ ಎಣ್ಣೆ ಸವರಿದಂತೆ ತೇಲಲು ಶುರುವಾಗುತ್ತದೆ, ಮುನ್ಸೂಚನೆ ಕೊಟ್ಟೇ ಜಾರುತ್ತದೆ. ಆ ಹಂತಕ್ಕೆ ಪದೇ ಪದೇ ತಲುಪುವವರು ಮಾತ್ರ ಟ್ರ್ಯಾಕ್ ಟಯರಿಗೆ ದುಡ್ಡು ಹಾಕಲಿ, ಅದೂ ಇನ್ನೊಂದು ಜೊತೆ ರಿಮ್ಮಿನಲ್ಲಿ ಇಟ್ಟು, ಗಾಡಿಯಲ್ಲಿ ಹೇರಿಕೊಂಡು ಹೋಗುವಂತಿದ್ದರೆ.

ಟ್ರ್ಯಾಕ್‌ನಿಂದ ಬಂದ ಮೇಲೆ ಶುರುವಾದ ದೋಷ

ನಮ್ಮ ಕಡೆಯವರು ಹೋಗುವುದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ, ಇಲ್ಲವೇ ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕ್‌ಗೆ. ಹೋಗಿ ಬಂದ ವಾರ ಒಂದು ದೂರು ಬರುತ್ತದೆ: ಹ್ಯಾಂಡಲ್ ಭಾರ, ಬೈಕ್ ಬಾಗಲು ಸೋಮಾರಿ, ಹಿಂದಿನ ಚಕ್ರ ಮಿಸುಕಾಡಿದ ಹಾಗೆ. ಟ್ರ್ಯಾಕ್‌ನಲ್ಲಿ ಟಯರ್ ಜೋರಾಗಿ ಕಾದು ಒತ್ತಡ ಏರುವುದರಿಂದ ಅಲ್ಲಿ ತಣ್ಣಗಿರುವಾಗಲೇ ಕೆಲವು ಪಿಎಸ್‌ಐ ಕಡಿಮೆ ಮಾಡಿ ಇಳಿಸಿರುತ್ತಾರೆ. ಅದು ಸರಿಯೇ. ಸಂಜೆ ದಣಿದು, ಬ್ಯಾಗ್ ಕಟ್ಟಿ, ಅದೇ ಗಾಳಿಯಲ್ಲಿ ಪಾಲಕ್ಕಾಡ್, ಕಲ್ಲಿಕೋಟೆ, ಕಾಸರಗೋಡು ದಾಟಿ ಬರುವಾಗ ಟಯರ್ ಒಳಗಿಂದ ಬೇಯುತ್ತದೆ, ಹೊಂಡಕ್ಕೆ ಬಿದ್ದರೆ ರಿಮ್ ಬಾಗುತ್ತದೆ.

ಹೀಗೆ ಬಂದ ಬೈಕಿನಲ್ಲಿ ಮೊದಲು ತಣ್ಣಗಿನ ಗಾಳಿ ಸ್ಟಿಕ್ಕರ್ ಹೇಳಿದಷ್ಟಕ್ಕೆ ತನ್ನಿ. ಸಸ್ಪೆನ್ಷನ್ನಿನ ಪ್ರೀಲೋಡ್ (ಸ್ಪ್ರಿಂಗಿನ ಬಿಗಿ), ರೀಬೌಂಡ್ (ಮೇಲೇಳುವ ವೇಗ) ಕ್ಲಿಕ್ಕುಗಳನ್ನು ಅಲ್ಲಿ ತಿರುಗಿಸಿದ್ದರೆ ಮೊದಲಿದ್ದ ಲೆಕ್ಕಕ್ಕೆ ಮರಳಿಸಿ. ರಿಮ್ಮನ್ನು ಕೈಯಲ್ಲಿ ತಿರುಗಿಸಿ, ಅಂಚಿನ ಪಕ್ಕ ಒಂದು ಕಡ್ಡಿ ಹಿಡಿದು, ಅದು ಅಲ್ಲಲ್ಲಿ ತಾಗಿ ಬಿಡುತ್ತದೆಯೇ ನೋಡಿ. ಟಯರಿನ ಒಳಗೋಡೆಯನ್ನು ನೋಡದೆ ಬಿಡಬೇಡಿ. ಕಡಿಮೆ ಗಾಳಿಯಲ್ಲಿ ಬಹಳ ದೂರ ಓಡಿದ್ದರೆ ಬಿಚ್ಚಿದಾಗ ಒಳಗೆ ಕಪ್ಪು ಪುಡಿ, ಸುಕ್ಕಿನ ಗೆರೆ ಸಿಗುತ್ತದೆ. ಅಂಥ ಟಯರ್ ಹೊರಗಿನಿಂದ ಹೊಸದರಂತೆ ಕಂಡರೂ ಬದಲಿಸಬೇಕು.

ಹೊಸ ಟಯರ್ ಕೂರಿಸುವಾಗ ಗೋಡೆಯ ಮೇಲಿನ ಬಾಣ ಚಕ್ರ ಉರುಳುವ ದಿಕ್ಕಿಗಿರಲಿ, ವಾಲ್ವ್ ಹೊಸದು ಹಾಕಿಸಿ. ಮೊದಲ ನೂರೈವತ್ತು ಕಿಲೋಮೀಟರ್ ಮೆಲ್ಲಗೆ, ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಹೆಚ್ಚು ಬಗ್ಗಿಸುತ್ತ ಓಡಿಸಿ, ಮೇಲ್ಮೈಯ ನುಣುಪು ಹೋಗಿ ಅಂಚಿನತ್ತ ಮಾಸಲು ಬಣ್ಣ ಬರುವ ತನಕ. ಟಯರಿಗೆ ಪಾಲಿಶ್ ಹಚ್ಚುವ ವಾಷಿಂಗ್ ಅಂಗಡಿಯವರಿಗೆ ನೆಲಕ್ಕೆ ತಾಗುವ ಭಾಗಕ್ಕೆ ಹಚ್ಚಬೇಡಿ ಎಂದು ಮೊದಲೇ ಹೇಳಿ. ಚೈನಿಗೆ ಲ್ಯೂಬ್ ಹೊಡೆಯುವಾಗ ಟಯರಿನ ಪಕ್ಕ ಒಂದು ರಟ್ಟು ಹಿಡಿಯಿರಿ.